ಅಲಿಯಾಸ್ ಉಳ್ಳಾಗಡ್ಡಿ

ಉತ್ತರದಾಯಿತ್ವ ಎಂಬ ಪದವನ್ನು ನಾನು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ಹಚ್ಚಿಕೊಂಡು ತಿನ್ನುತ್ತೇನೆ ಎಂಬುದು ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ದೂರು. ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಕಾಣದ್ದಕ್ಕೆ ಕುಲಪತಿಗಳ ಬಾಗಿಲವರೆಗೂ ಹೋದವಳು ನಾನು. ಸಾರು ಗಟ್ಟಿಯಾಗಲಿಲ್ಲ, ನನ್ನ ಧ್ವನಿ ಗಟ್ಟಿಯಾಯಿತು. ನ್ಯೂಜೆರ್ಸಿಗೆ ಬಂದು ದಾಖಲೆ ಸಂರಕ್ಷಣೆಯಲ್ಲಿ ಇನ್ನೊಂದು ಪದವಿ ಪಡೆದ ಮೇಲೆ ಈ ಗುಣ ಕಡಿಮೆಯಾಗುವ ಬದಲು ಅದಕ್ಕೊಂದು ಪ್ರಮಾಣಪತ್ರ ಸಿಕ್ಕಂತಾಯಿತು. ಅಧಿಕಾರದಲ್ಲಿರುವವರು, ಅದು ಸರ್ಕಾರವಿರಲಿ, ಕನ್ನಡ ಸಂಘವಿರಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಡದಿದ್ದರೆ ನಾವು ದಾಖಲೆ ಹುಡುಕಬೇಕು. ಮನುಷ್ಯ ಮರೆಯುತ್ತಾನೆ, ಮರೆತಂತೆ ನಟಿಸುತ್ತಾನೆ. ಕಾಗದಕ್ಕೆ ಎರಡೂ ಬರುವುದಿಲ್ಲ. ಇದು ನನ್ನ ಸಿದ್ಧಾಂತ. ಸಿದ್ಧಾಂತಗಳ ಕಷ್ಟವೇನೆಂದರೆ, ಊರಿಗೆಲ್ಲ ಅನ್ವಯಿಸುವಾಗ ಅವು ಬಹಳ ಚಂದ ಕಾಣುತ್ತವೆ. ಅವೇ ನಮ್ಮ ಮನೆಯ ಬಾಗಿಲು ತಟ್ಟಿದಾಗ ಮಾತ್ರ ಒಳಗೆ ಕರೆಯುವುದೋ ಬೇಡವೋ ಎಂದು ಕಿಟಕಿಯ ಪರದೆ ಸರಿಸಿ ನೋಡುವಂತಾಗುತ್ತದೆ.

ನಾನು ಕೆಲಸ ಮಾಡುವುದು ಇಲ್ಲಿನ ಒಂದು ಕೌಂಟಿಯ ಪತ್ರಾಗಾರದಲ್ಲಿ. ಕೌಂಟಿಯೆಂದರೆ ನಮ್ಮ ಕಡೆಯ ಜಿಲ್ಲೆ ಎಂದುಕೊಳ್ಳಬಹುದು. ಆ ಜಿಲ್ಲೆಯ ನ್ಯಾಯಾಲಯಕ್ಕೆ ತಲೆಮಾರುಗಳಿಂದ ಬಂದುಹೋದ ಜನರ ಜಗಳ, ಕಣ್ಣೀರು, ಸುಳ್ಳು, ಸತ್ಯ ಎಲ್ಲವೂ ಬೂದುಬಣ್ಣದ ಪೆಟ್ಟಿಗೆಗಳಲ್ಲಿ ಮಲಗಿವೆ. ನೆರೆಯವನ ಹಂದಿ ತನ್ನ ಕೋಸಿನ ಮಡಿಗೆ ನುಗ್ಗಿತೆಂದು ನ್ಯಾಯ ಕೇಳಿದವನು, ಸತ್ತ ಅಜ್ಜಿಯ ಗಡಿಯಾರಕ್ಕಾಗಿ ಒಬ್ಬರನ್ನೊಬ್ಬರು ಕೋರ್ಟಿಗೆಳೆದ ಅಕ್ಕತಂಗಿಯರು, ಕಳ್ಳಭಟ್ಟಿಯನ್ನು ಔಷಧವೆಂದು ಪ್ರಮಾಣ ಮಾಡಿ ಹೇಳಿದವನು, ಇವರೆಲ್ಲರೂ ಈಗ ಒಂದೇ ತಂಪು ಕೋಣೆಯಲ್ಲಿ ಅಕ್ಕಪಕ್ಕದ ಕಪಾಟುಗಳಲ್ಲಿ ಶಾಂತವಾಗಿದ್ದಾರೆ. ಬದುಕಿದ್ದಾಗ ಈ ಶಾಂತಿ ಇದ್ದಿದ್ದರೆ ನನಗೆ ಕೆಲಸ ಸಿಗುತ್ತಿರಲಿಲ್ಲ. ಪೆಟ್ಟಿಗೆಗಳಿಗೆ ದಾರಿ ತೋರಿಸುವುದು ಟೈಪು ಮಾಡಿದ ಕಾರ್ಡುಗಳ ಸೂಚಿ. ಕಾರ್ಡಿನಲ್ಲಿ ವ್ಯಕ್ತಿಯ ಹೆಸರು ಮತ್ತು ಪೆಟ್ಟಿಗೆಯ ಸಂಖ್ಯೆ ಇರುತ್ತದೆಯೇ ಹೊರತು ಆತ ಕೋರ್ಟಿಗೆ ಬಂದದ್ದೇಕೆ ಎಂಬುದು ಇರುವುದಿಲ್ಲ. ಆ ಕಾರ್ಡುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವುದು ನನ್ನ ಪಾಲಿನ ಕೆಲಸ.

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದವರು ಅಲಿಯಾಸ್ ಇದ್ದವರು. ನೆಟ್ಟಗಿನ ಮನುಷ್ಯನಿಗೆ ಒಂದೇ ಕಾರ್ಡು. ಎರಡು ಹೆಸರಿನವನಿಗೆ ಎರಡು. ‘ಎಡಗೈ ಮೈಕ್’ ಎಂಬ ಕಾರ್ಡು ತೆಗೆದರೆ ‘ಇಂಥವನನ್ನು ನೋಡಿ’ ಎಂದು ಅದು ಆತನ ನಿಜನಾಮದತ್ತ ಕೈತೋರುತ್ತದೆ. ‘ಪಾದ್ರಿ’ ಎಂಬ ಕಾರ್ಡಿನವನು ಚರ್ಚಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಅಲಿಯಾಸ್ ಇದ್ದವನಲ್ಲಿ ಒಂದು ಕಥೆ ಇರುತ್ತದೆ, ಕಥೆ ಇದ್ದವನಲ್ಲಿ ಒಂದು ತಪ್ಪು ಇರುತ್ತದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನಕ್ಕೆ ಯಾವ ಆಧಾರವಿತ್ತು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಹಕ್ಕು ನನ್ನೊಬ್ಬಳದೇ ಎಂದು ಸುತ್ತಲಿನವರು ನಂಬಿಕೊಂಡಿರಬೇಕು.

ಇಷ್ಟರಲ್ಲಿ ನಮ್ಮ ಕನ್ನಡ ಸಂಘದ ಚುನಾವಣೆ ಬಂತು. ಸಂಘದ ಅಧ್ಯಕ್ಷರು ಮೈಸೂರಿನ ರಾಮಪ್ರಸಾದ್ ಅಂಕಲ್. ಅವರು ಅಧ್ಯಕ್ಷರಾಗಿ ಎಷ್ಟು ಕಾಲವಾಯಿತೆಂದರೆ, ಇಲ್ಲಿ ಹುಟ್ಟಿದ ಮಕ್ಕಳು ‘ಪ್ರೆಸಿಡೆಂಟ್’ ಎಂಬುದು ಅವರ ಇನಿಷಿಯಲ್ ಎಂದೇ ತಿಳಿದಿದ್ದಾರೆ. ಸಂಘದ ಹಳೆಯ ನಡಾವಳಿ, ನಾಟಕಗಳ ಫೋಟೋ, ಕೈಬರಹದ ಸಂಚಿಕೆಗಳು ಎಲ್ಲಿವೆ ಎಂದು ನಾನು ಸಭೆಯಲ್ಲಿ ಕೇಳಿದರೆ, ‘ಸೇಫಾಗಿವೆ ಕಣಮ್ಮಾ, ನಮ್ಮ ಬೇಸ್‌ಮೆಂಟಲ್ಲಿ’ ಎಂದು ನಕ್ಕರು. ಬೇಸ್‌ಮೆಂಟ್ ಎಂಬ ಮಾತು, ತೇವಕ್ಕೆ ಹೆದರುವ ಪತ್ರಾಗಾರದವರ ಕಿವಿಗೆ ಹೇಗೆ ಕೇಳುತ್ತದೆಂದರೆ, ಶಸ್ತ್ರಚಿಕಿತ್ಸಕರ ಕಿವಿಗೆ ತುಕ್ಕುಹಿಡಿದ ಚಾಕು ಎಂಬ ಮಾತು ಕೇಳಿದ ಹಾಗೆ. ನಾನು ಸಿಡಿದೆದ್ದೆ. ಗೌಪ್ಯತೆಯ ವಿರುದ್ಧ ಒಂದು ಭಾಷಣ ಮಾಡಿ, ಅದರ ಬಿಸಿಯಲ್ಲೇ ಒಂದು ಠರಾವನ್ನೂ ಮಂಡಿಸಿದೆ: ಸಂಘದ ಯಾವುದೇ ಹುದ್ದೆಗೆ ನಿಲ್ಲುವವರು ತಮ್ಮ ಪೂರ್ವಾಪರವನ್ನು, ನ್ಯಾಯಾಲಯದ ಪ್ರಕರಣಗಳೂ ಸೇರಿದಂತೆ, ಸಭೆಯ ಮುಂದೆ ಬಿಚ್ಚಿಡಬೇಕು. ನ್ಯಾಯಾಲಯ ಇದರಲ್ಲಿ ಎಲ್ಲಿಂದ ಬಂತು ಎಂದು ಯಾರೋ ಗೊಣಗಿದರು. ದಿನವಿಡೀ ಕೋರ್ಟಿನ ಕಾರ್ಡು ತಿರುವುವವಳಿಗೆ ಲೋಕವೆಲ್ಲ ಕೋರ್ಟಿನ ಅಂಗಳದಂತೆ ಕಂಡರೆ ಅದು ಅವಳ ತಪ್ಪಲ್ಲ. ಊಟದ ಹೊತ್ತಾಗಿದ್ದರಿಂದ ಠರಾವು ಸರ್ವಾನುಮತದಿಂದ ಪಾಸಾಯಿತು. ರಾಮಪ್ರಸಾದ್ ಅಂಕಲ್‌ಗೆ ಎದುರಾಗಿ ನಿಲ್ಲಲು ಒಬ್ಬ ನಿಷ್ಕಳಂಕ ವ್ಯಕ್ತಿ ಬೇಕಾಗಿತ್ತು. ನಾನು ಹಟ ಹಿಡಿದು ನಿಲ್ಲಿಸಿದ್ದು ನನ್ನ ಕಾಕಾನನ್ನೇ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಬಾಗಲಕೋಟೆಯ ಕಡೆಯಿಂದ ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದು, ಔಷಧ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದು ನಿವೃತ್ತರಾದವರು. ಕೆಂಡಲ್ ಪಾರ್ಕಿನ ಅವರ ಮನೆಯ ಮಹಡಿಯ ಕೋಣೆಯಲ್ಲೇ ನಾನಿರುವುದು. ಸ್ಟಾಪ್ ಸೈನಿನಲ್ಲಿ ಎದುರಿಗೆ ನರಪಿಳ್ಳೆಯಿಲ್ಲದಿದ್ದರೂ ನಿಂತು, ಎಡಬಲ ನೋಡಿ, ಮನಸ್ಸಿನಲ್ಲೇ ಕ್ಷಮೆ ಕೇಳಿ ಮುಂದೆ ಹೋಗುವ ಜೀವ ಅದು. ಮನೆತನದ ಹೆಸರು ಉಳ್ಳಾಗಡ್ಡಿ. ಮೈಸೂರಿನವರು ಈರುಳ್ಳಿ ಎನ್ನುತ್ತಾರಲ್ಲ, ಅದೇ. ನನ್ನ ಹೆಸರಿನ ಕೊನೆಯಲ್ಲಿ ಅದು ಈಗಲೂ ಇದೆ. ಕಾಕಾ ಮಾತ್ರ ಇಲ್ಲಿ ಶಿವಾನಂದ ಗುರಪ್ಪ. ಗುರಪ್ಪ ಎಂಬುದು ನನ್ನ ಅಜ್ಜನ ಹೆಸರು. ಅಮೆರಿಕನ್ನರ ನಾಲಿಗೆಗೆ ಉಳ್ಳಾಗಡ್ಡಿ ಹೊರಳದೆಂದು ಕಾಕಾ ಅದನ್ನು ಕೈಬಿಟ್ಟಿರಬೇಕೆಂದು ನಾನು ಭಾವಿಸಿದ್ದೆ. ಎಂದೂ ಕೇಳಿರಲಿಲ್ಲ.

ಚುನಾವಣೆಯ ಭಾನುವಾರಕ್ಕೆ ಮುಂಚಿನ ಗುರುವಾರ, ಯು ಅಕ್ಷರದ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದವಳಿಗೆ ಒಂದು ಕಾರ್ಡು ಬಂತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಉಳ್ಳಾಗಡ್ಡಿ. ಪರದೇಶದಲ್ಲಿ ತನ್ನ ಮನೆತನದ ಹೆಸರು ಕಂಡವರಿಗೆ ಆಗುವ ಸಂತೋಷ ನನಗೂ ಆಯಿತು. ಕೆಳಗಿನ ಸಾಲು ಓದುವವರೆಗೆ. ‘ಅಲಿಯಾಸ್. ನೋಡಿ: ಗುರಪ್ಪ, ಶಿವಾನಂದ.’

ಎಡಗೈ ಮೈಕ್, ಪಾದ್ರಿ, ಉಳ್ಳಾಗಡ್ಡಿ. ಮೂವರೂ ಒಂದೇ ಬೆಂಚಿನಲ್ಲಿ ಕೂತು ನನ್ನತ್ತ ನೋಡಿದಂತಾಯಿತು. ಕಾರ್ಡಿನಲ್ಲಿದ್ದ ಪೆಟ್ಟಿಗೆ ಊರಾಚೆಯ ಗೋದಾಮಿನಲ್ಲಿತ್ತು. ಮಂಗಳವಾರದ ಟ್ರಕ್ಕಿನಲ್ಲಿ ಬರುತ್ತದೆ, ಅಲ್ಲಿಯವರೆಗೆ ತಾಳ್ಮೆಯಿರಲಿ ಎಂದರು ನನ್ನ ಮೇಲಧಿಕಾರಿ ಪೆಗ್ಗಿ. ತಾಳ್ಮೆ ಪೆಗ್ಗಿಯ ಸಿದ್ಧಾಂತ, ನನ್ನದಲ್ಲ. ಮನೆಗೆ ಹೋಗುವ ದಾರಿಯಲ್ಲಿ, ರೂಟ್ ಒಂದು ಎಂಬ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಂತು, ನಾನು ಇಡೀ ಪ್ರಕರಣವನ್ನು ಭೇದಿಸಿಬಿಟ್ಟೆ. ಕಾಕಾ ಯೌವನದಲ್ಲಿ ಏನೋ ಮಾಡಿದ್ದಾರೆ. ಕೋರ್ಟು ಕಂಡಿದ್ದಾರೆ. ಹೆಸರು ಕೆಟ್ಟದ್ದರಿಂದ ಉಳ್ಳಾಗಡ್ಡಿಯನ್ನು ಬಿಟ್ಟು ಗುರಪ್ಪನಾಗಿದ್ದಾರೆ. ಸ್ಟಾಪ್ ಸೈನಿನ ಮುಂದಿನ ಆ ವಿಪರೀತ ವಿನಯ ಪಶ್ಚಾತ್ತಾಪವಲ್ಲದೆ ಇನ್ನೇನು? ಪ್ರಿನ್ಸ್‌ಟನ್ ಕಡೆಯ ಸಿಗ್ನಲ್ ದಾಟುವ ಹೊತ್ತಿಗೆ ಕುದುರೆ ಕಳವೊಂದನ್ನು ಬಿಟ್ಟು ಉಳಿದೆಲ್ಲ ಅಪರಾಧಗಳನ್ನೂ ಅವರ ಮೇಲೆ ಹೊರಿಸಿ ನೋಡಿದ್ದೆ. ಬಾಗಲಕೋಟೆಯವರಾದ್ದರಿಂದ ಕುದುರೆಯ ವಿಷಯದಲ್ಲಿ ಸಂಶಯದ ಲಾಭ ಕೊಟ್ಟಿದ್ದೆ.

ನಗುವವರು ನಗಲಿ, ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಕಾಕಾ ಭಾನುವಾರ ಎದ್ದುನಿಂತು ‘ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ’ ಎಂದುಬಿಟ್ಟರೆ ನಾನೇನು ಮಾಡಬೇಕು? ಸುಮ್ಮನಿದ್ದರೆ ಠರಾವು ಬರೆದ ಕೈಗೆ ಬೆಲೆಯಿಲ್ಲ. ಬಾಯಿ ತೆರೆದರೆ, ಪರದೇಶದಲ್ಲಿ ನನಗೆ ಸೂರು ಕೊಟ್ಟು, ಹಿಮ ಬಿದ್ದ ಬೆಳಿಗ್ಗೆ ನಾನು ಏಳುವ ಮುಂಚೆ ನನ್ನ ಕಾರಿನ ಗಾಜು ಕೆರೆದಿಡುವ ಮನುಷ್ಯನನ್ನು ನಾನೇ ಬೀದಿಗೆಳೆದಂತೆ. ಊರಿನ ಮುಖಂಡರಿಗೆ ಉತ್ತರದಾಯಿತ್ವ ಕಲಿಸುವುದು ಸುಲಭ, ಅವರು ನಮ್ಮ ಕಾರಿನ ಗಾಜು ಕೆರೆಯುವುದಿಲ್ಲ. ಜೆರ್ಸಿ ಸಿಟಿಯಲ್ಲಿರುವ ಅವರ ಮಗಳು ಅನುಗೆ ಫೋನು ಮಾಡಿ, ಅಪ್ಪ ಎಂದಾದರೂ ತೊಂದರೆಗೆ ಸಿಕ್ಕಿದ್ದರೇ ಎಂದು ಬಳಸಿ ಬಳಸಿ ಕೇಳಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು: ಡ್ಯಾಡ್ ಪಾರ್ಕಿಂಗ್ ಟಿಕೆಟ್ ಬಂದರೂ ಟೌನ್ ಆಫೀಸಿಗೆ ಥ್ಯಾಂಕ್ಯೂ ಕಾರ್ಡ್ ಕಳಿಸುವವರು, ನಿನಗೆ ಜ್ವರ ಬಂದಿದೆಯೇ ಎಂದು. ಚಾಲಾಕಿ ಅಪರಾಧಿಗಳು ಮನೆಯವರಿಗೂ ಸುಳಿವು ಕೊಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ.

ಈ ದೇಶದಲ್ಲಿ ಮನೆಯೊಳಗಿನ ಸತ್ಯಗಳು ಹೊರಬೀಳುವುದು ಕಾರಿನಲ್ಲಿ. ಮನೆಯಲ್ಲಾದರೆ ಒಬ್ಬರು ಮಹಡಿಗೆ ಹೋಗಬಹುದು, ಇನ್ನೊಬ್ಬರು ಡಿಶ್‌ವಾಷರ್ ತುಂಬಬಹುದು. ಕಾರಿನಲ್ಲಿ ಬೆಲ್ಟು ಬಿಗಿದುಕೊಂಡ ಮೇಲೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಶನಿವಾರ ಬೆಳಿಗ್ಗೆ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೊರಟಿದ್ದೆವು. ಕಾಕಾ ಸ್ಟಿಯರಿಂಗ್ ಹಿಡಿದಿದ್ದರು, ಕಾಕು ಅವರ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಪ್ರಾಸಿಕ್ಯೂಷನ್. ಕನ್ನಡಿಯಲ್ಲಿ ನನ್ನ ಮುಖ ನೋಡಿ ಕಾಕಾನೇ ಮಾತು ತೆಗೆದರು.

“ಯಾಕವಾ ತಂಗಿ, ಮೊನ್ನಿಂದ ನನ್ನ ಹಂಗ ಯಾಕ ನೋಡಾಕ್ಹತ್ತಿ? ನಾ ಏನರ ಕದ್ದೀನೇನು?”

ಅವರಾಗಿಯೇ ಆ ಮಾತು ತೆಗೆದದ್ದು ನನಗೆ ದೊಡ್ಡ ಸುಳಿವಾಗಿ ಕಂಡಿತು. ಗಂಟಲು ಸರಿಮಾಡಿಕೊಂಡು ಕೇಳಿದೆ. “ಕಾಕಾ, ನೀವು ಇಲ್ಲಿ ಕೌಂಟಿ ಕೋರ್ಟಿಗೆ ಹೋಗಿದ್ರೇನು?”

“ಹೋಗಿದ್ನಲ್ಲ,” ಎಂದರು ಕಾಕಾ, ತರಕಾರಿ ಅಂಗಡಿಗೆ ಹೋಗಿದ್ದೆ ಎನ್ನುವ ಧ್ವನಿಯಲ್ಲಿ.

“ಅಲ್ಲಿ ಏನ್ ಮಾಡಿದ್ರಿ?”

“ಜಡ್ಜ್ ಸಾಹೇಬ್ರ ಮುಂದ ಕೈ ಎತ್ತಿದೆ.”

ನಮ್ಮ ಮನೆಯಲ್ಲಿ ಕೈ ಎತ್ತುವುದೆಂದರೆ ಹೊಡೆಯುವುದೆಂದೇ ಅರ್ಥ. ಚಿಕ್ಕಂದಿನಲ್ಲಿ ನಮ್ಮಪ್ಪ ನನ್ನ ಮೇಲೆ ಒಮ್ಮೆಯೂ ಕೈ ಎತ್ತಿಲ್ಲವೆಂದು ಅವ್ವ ನೆಂಟರ ಮುಂದೆ ಹೆಮ್ಮೆಪಡುತ್ತಿದ್ದಳು. ಅಂಥ ಮನೆತನದ ಕುಡಿ ನ್ಯಾಯಪೀಠದ ಮೇಲೆಯೇ ಕೈ ಎತ್ತಿದೆಯೆಂದರೆ ಉಳ್ಳಾಗಡ್ಡಿ ಎಂಬ ಹೆಸರು ಅಡಗಿ ಕೂರದೆ ಇನ್ನೇನು ಮಾಡೀತು?

“ಜಡ್ಜ್ ಮ್ಯಾಲೆ?” ನಾನು ಮುಂದಿನ ಸೀಟಿನತ್ತ ಬಾಗಿದೆ.

“ಮ್ಯಾಲೆ ಯಾಕ, ಮುಂದ. ನಾ ಒಬ್ಬಾಂವ ಅಲ್ಲ, ಅಲ್ಲಿ ನಿಂತಾವ್ರೆಲ್ಲಾ ಎತ್ತಿದ್ರು. ಒಬ್ಬಾಕಿ ಮುದುಕಿ ಅಂತೂ ಕೂಸಿನ್ನ ಎತ್ಕೊಂಡ ಎತ್ತಿದ್ಲು.”

“ಆಮ್ಯಾಲೆ ಏನ್ ಮಾಡಿದ್ರು ನಿಮಗ?”

“ಕೇಕ್ ಕೊಟ್ರು,” ಎಂದರು ಕಾಕಾ. “ಸಣ್ಣದೊಂದು ಧ್ವಜಾನೂ ಕೊಟ್ರು.”

ಕಾಕು ಹಿಂದೆ ತಿರುಗಿ, ತಾನೂ ಅವತ್ತು ಇಳಕಲ್ ಸೀರೆ ಉಟ್ಟು ಹೋಗಿದ್ದೆನೆಂದೂ, ಕೇಕು ಬಹಳ ಸಿಹಿಯಾಗಿತ್ತೆಂದೂ, ಸಿಟಿಜನ್ ಆದ ಸಂತೋಷಕ್ಕೆ ಸಂಜೆ ಮನೆಯಲ್ಲಿ ಹೋಳಿಗೆ ಮಾಡಿದೆನೆಂದೂ ವಿವರಿಸಿದರು. ಆ ಕಾಲದಲ್ಲಿ ಅಮೆರಿಕದ ಪೌರತ್ವದ ಪ್ರಮಾಣವಚನ ಕೌಂಟಿ ಕೋರ್ಟಿನಲ್ಲೇ ಆಗುತ್ತಿತ್ತು. ಇದು ನನಗೆ ಗೊತ್ತಿಲ್ಲದ ಸಂಗತಿಯಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಮ್ಮ ಪತ್ರಾಗಾರಕ್ಕೆ ಬರುವ ಮುಕ್ಕಾಲುಪಾಲು ಜನ ಹುಡುಕುವುದೇ ತಮ್ಮ ಅಜ್ಜಂದಿರ ಪೌರತ್ವದ ಕಾಗದಗಳನ್ನು. ಅವುಗಳ ಬಗ್ಗೆ ನಾನೊಂದು ಪ್ರಬಂಧವನ್ನೂ ಬರೆದು ಎ ಗ್ರೇಡ್ ಪಡೆದಿದ್ದೇನೆ. ಕಳ್ಳಭಟ್ಟಿ ಹೊಳೆದ ತಲೆಗೆ ಪೌರತ್ವ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ಬೆಲ್ಟು ಸಡಿಲಿಸಿಕೊಂಡು ಎರಡು ದಿನದ ಉಸಿರನ್ನು ಒಟ್ಟಿಗೆ ಬಿಟ್ಟೆ. ಕಾರಿನ ಗಾಜು ಮಂಜಾಯಿತು. ಕಾಕಾ ಡೀಫ್ರಾಸ್ಟ್ ಹಾಕಿದರು.

ಆದರೂ ಅಲಿಯಾಸ್ ಉಳಿದಿತ್ತು. ಅದನ್ನೂ ಕೇಳಿದೆ. ಕಾಕಾ ಹೇಳಿದ್ದರ ಸಾರ ಇದು. ಪಾಸ್‌ಪೋರ್ಟಿನಲ್ಲಿ ಅವರ ಹೆಸರು, ತಂದೆಯ ಹೆಸರು ಇಷ್ಟೇ ಇತ್ತು, ಮನೆತನ ಬಿಟ್ಟುಹೋಗಿತ್ತು. ಪೌರತ್ವದ ಫಾರಂ ತುಂಬುವಾಗ ಅದನ್ನು ಎಲ್ಲಾದರೂ ಸೇರಿಸಬೇಕೆಂದು ಅವರಿಗೆ ಬಲವಾಗಿ ಅನ್ನಿಸಿತು. ಫಾರಮ್ಮಿನಲ್ಲಿ ಅಲಿಯಾಸ್ ಎಂದು ಒಂದು ಜಾಗ ಖಾಲಿ ಕಂಡಿತು. ಅರ್ಥ ಕೇಳಲು ಸಿಕ್ಕವರು ಮದುವೆಗೆ ಮುಂಚಿನ ಅವರ ರೂಮ್‌ಮೇಟ್, ಮತ್ತಾರೂ ಅಲ್ಲ, ಮೈಸೂರಿನ ರಾಮಪ್ರಸಾದ್.

“ಅಲಿಯಾಸ್ ಅಂದ್ರ ಏನಪಾ ಅಂತ ಕೇಳಿದೆ. ‘ಅಡ್ಡಹೆಸರು ಕಣೋ’ ಅಂದ. ನಂದು ಅಡ್ಡಹೆಸರು ಉಳ್ಳಾಗಡ್ಡಿ ಅಲ್ಲೇನು? ಬರದೆ. ಮನಿತನದ ಹೆಸರು ಸರಕಾರದಾಗ ಎಲ್ಯರೆ ಒಂದ್ ಕಡೆ ಇರ್ಲಿ ಅಂತ.”

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು. ಶಾಲೆಯ ದಾಖಲಾತಿಯಲ್ಲಿ ಗುರುಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಮೈಸೂರಿನ ಕಡೆ ಅದೇ ಮಾತಿಗೆ ಗೆಳೆಯರು ಗೇಲಿಗೆ ಇಟ್ಟ ಹೆಸರೆಂದು ಅರ್ಥ. ಇಬ್ಬರೂ ಶುದ್ಧ ಕನ್ನಡದಲ್ಲೇ ಮಾತಾಡಿ, ಇಬ್ಬರೂ ಸರಿಯಾಗಿಯೇ ಅರ್ಥಮಾಡಿಕೊಂಡು, ಒಬ್ಬ ಮರ್ಯಾದಸ್ಥ ರಸಾಯನಶಾಸ್ತ್ರಜ್ಞರನ್ನು ಎಡಗೈ ಮೈಕನ ಪಂಕ್ತಿಯಲ್ಲಿ ಕೂರಿಸಿದ್ದರು. ಹಿಂದಿನ ಸೀಟಿನಲ್ಲಿ ನಾನು ನಗಲಾರಂಭಿಸಿದೆ. ನನ್ನ ಸಂಶಯಗಳನ್ನೆಲ್ಲ ಅವರ ಮುಂದೆ ಹೇಳಿಯೂಬಿಟ್ಟೆ. ಕಾಕಾ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ನೊಂದುಕೊಂಡರೋ ಎಂದು ನಾನು ಹೆದರುವಷ್ಟರಲ್ಲಿ, ಕುದುರೆಯ ವಿಷಯದಲ್ಲಿ ತಮ್ಮನ್ನು ಬಿಟ್ಟದ್ದು ಉಪಕಾರವಾಯಿತು ಎಂದರು. ದೇವಸ್ಥಾನದ ಕ್ಯಾಂಟೀನಿನಲ್ಲಿ ನಾನು ತಿಂದ ದೋಸೆಗಳನ್ನು ಲೆಕ್ಕವಿಟ್ಟವರಿಲ್ಲದ್ದು ಒಳ್ಳೆಯದಾಯಿತು.

ಭಾನುವಾರದ ಸಭೆಯಲ್ಲಿ ಕಾಕಾ ಠರಾವಿನ ಪ್ರಕಾರ ಎದ್ದುನಿಂತು, ತಾನು ಕೋರ್ಟಿಗೆ ಹೋಗಿದ್ದುಂಟು, ತನಗೊಂದು ಅಲಿಯಾಸೂ ಉಂಟು, ಅದಕ್ಕೆ ಕಾರಣರು ಎದುರಿಗೇ ಕೂತಿರುವ ಅಧ್ಯಕ್ಷರು ಎಂದು ಘೋಷಿಸಿದರು. ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ರಾಮಪ್ರಸಾದ್ ಅಂಕಲ್ ಎದ್ದರು.

“ಲೋ ಶಿವು, ನಾನು ನಿಂಗೆ ಕರೆಕ್ಟಾಗೇ ಹೇಳಿದ್ನಲ್ಲೋ. ಅಲಿಯಾಸ್ ಅಂದ್ರೆ ಅಡ್ಡಹೆಸರು ತಾನೆ?”

“ಹೌದಪಾ. ಅದನ್ನ ಬರದೀನಿ.”

“ಅಡ್ಡಹೆಸರು ಬರಿ ಅಂದ್ರೆ ಸರ್‌ನೇಮ್ ಬರ್ದಿದೀಯಲ್ಲೋ.”

“ಮತ್ತ ಸರ್‌ನೇಮ್ ಅಂದ್ರ ಏನು? ಅಡ್ಡಹೆಸರು.”

ಅಲ್ಲಿಗೆ ಚುನಾವಣೆ ನಿಂತು ಭಾಷಾಶಾಸ್ತ್ರ ಶುರುವಾಯಿತು. ಹುಬ್ಬಳ್ಳಿಯವರು ಒಂದು ಕಡೆ, ಹಾಸನದವರು ಇನ್ನೊಂದು ಕಡೆ, ಮಂಗಳೂರಿನವರು ಇಬ್ಬರದೂ ತಪ್ಪೆಂದು ಮಧ್ಯದಲ್ಲಿ. ಗದ್ದಲವೆಲ್ಲ ಮುಗಿದ ಮೇಲೆ ರಾಮಪ್ರಸಾದ್ ಅಂಕಲ್, ತನ್ನಿಂದ ಒಬ್ಬ ಸಜ್ಜನನ ಹೆಸರು ಕಳ್ಳರ ಪಟ್ಟಿಗೆ ಸೇರಿದ್ದರಿಂದ ಪ್ರಾಯಶ್ಚಿತ್ತವಾಗಿ ಅಧ್ಯಕ್ಷಗಿರಿಯನ್ನು ಅವನಿಗೇ ಬಿಡುತ್ತೇನೆಂದರು. ಬಿಡಲು ಅವರಿಗೊಂದು ನೆಪ ಬೇಕಾಗಿತ್ತೆಂದು ಅವರ ಹೆಂಡತಿಯ ಮುಖದ ಕಳೆ ನೋಡಿದವರಿಗೆ ತಿಳಿಯುತ್ತಿತ್ತು. ನಾನು ಯುದ್ಧಕ್ಕೆ ಹೊರಟ ಬೇಸ್‌ಮೆಂಟಿಗೂ ಅದೇ ಸಂಜೆ ಕರೆದೊಯ್ದರು. ಕಾಗದಗಳೆಲ್ಲ ಬೆಚ್ಚಗೆ, ಒಣಗಿ, ನಮ್ಮ ಪತ್ರಾಗಾರಕ್ಕಿಂತ ಶಿಸ್ತಾಗಿದ್ದವು. ಬೇಕಂತಲೇ ನಾಲ್ಕು ಮೂಲೆಯಲ್ಲೂ ಬೂಷ್ಟು ಹುಡುಕಿದೆ. ಸಿಗಲಿಲ್ಲ.

ಹೊಸ ಅಧ್ಯಕ್ಷರ ಮೊದಲ ಆಜ್ಞೆ ನನ್ನ ಮೇಲೆ ಬಿತ್ತು. ಎಲ್ಲ ಸದಸ್ಯರ ವಿವರಗಳ ಕನ್ನಡ ಫಾರಮ್ಮೊಂದನ್ನು ನಾನೇ ರಚಿಸಬೇಕು, ನಾನೇ ಪರಿಶೀಲಿಸಬೇಕು. ಗೊಂದಲಕ್ಕೆ ಎಡೆಗೊಡದಂಥ ಫಾರಂ ಹೇಗಿರಬೇಕೆಂದು ಲೋಕಕ್ಕೆ ತೋರಿಸುವ ಅವಕಾಶವೆಂದು ನಾನು ಬಹಳ ಎಚ್ಚರದಿಂದ ಕೂತೆ. ಅಡ್ಡಹೆಸರು ಎಂಬ ಅನಾಹುತದ ಪದವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಬಹಳ ಯೋಚಿಸಿ, ಯಾವ ಪ್ರಾಂತದವರಿಗೂ ತಿಳಿಯುವಂಥ ಅಚ್ಚ ಕನ್ನಡದ ಮಾತನ್ನು ಹಾಕಿದೆ: ಮನೆಹೆಸರು. ಕೊನೆಯಲ್ಲಿ, ಒಮ್ಮೆ ಸಲ್ಲಿಸಿದ ವಿವರವನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲವೆಂದೂ, ದಾಖಲೆಯನ್ನು ಶಾಶ್ವತವಾಗಿ ಕಾಪಾಡತಕ್ಕದ್ದೆಂದೂ ಸೇರಿಸಿದೆ.

ಫಾರಮ್ಮುಗಳು ತುಂಬಿ ಬಂದವು. ನಮ್ಮ ಕಡೆಯವರು ಮನೆತನ ಬರೆದಿದ್ದರು. ಮಂಗಳೂರಿನವರಲ್ಲಿ ಕೆಲವರು ‘ಶ್ರೀ ಗುರುಕೃಪಾ’, ‘ಸಾಗರ್ ವ್ಯೂ’ ಎಂದು ತಮ್ಮ ಕಟ್ಟಡಗಳ ಹೆಸರು ಕೊಟ್ಟಿದ್ದರು. ಮೈಸೂರು ಬೆಂಗಳೂರಿನವರು ಮನೆಯಲ್ಲಿ ಕರೆಯುವ ಹೆಸರನ್ನು ಪ್ರಾಮಾಣಿಕವಾಗಿ ನಮೂದಿಸಿದ್ದರು. ಎಡಿಸನ್ನಿನ ಹೆಸರಾಂತ ಹೃದ್ರೋಗತಜ್ಞರು ಗುಂಡ. ಬ್ಯಾಂಕೊಂದರ ಉಪಾಧ್ಯಕ್ಷೆ ಪಾಪಚ್ಚಿ. ಮಾಜಿ ಅಧ್ಯಕ್ಷರಾದ ರಾಮಪ್ರಸಾದ್ ಅಂಕಲ್, ಬಂಗಾರುಮರಿ. ನಾನು ಇವನ್ನು ತಿದ್ದುವಂತಿಲ್ಲ, ಎಸೆಯುವಂತಿಲ್ಲ. ನಿಯಮ ಹಾಗೆ ಹೇಳುತ್ತದೆ, ನಿಯಮದ ಕನ್ನಡ ಬಹಳ ಸ್ಪಷ್ಟವಾಗಿದೆ. ಮುಂದೊಂದು ಕಾಲದಲ್ಲಿ ನನ್ನಂಥವಳೇ ಒಬ್ಬಳು ಬಿಸಿರಕ್ತದ ಹುಡುಗಿ ಈ ಪೆಟ್ಟಿಗೆ ತೆರೆದು, ನ್ಯೂಜೆರ್ಸಿಯ ಕನ್ನಡಿಗರೆಲ್ಲ ಎರಡೆರಡು ಹೆಸರಿಟ್ಟುಕೊಂಡು ಏನು ವ್ಯವಹಾರ ನಡೆಸುತ್ತಿದ್ದರೆಂದು ಕೆರಳಿ ಎದ್ದಾಳು, ಹೊಣೆ ಯಾರದೆಂದು ಗುಡುಗಿಯಾಳು. ಅವಳಿಗೆ ಹೆಚ್ಚು ಶ್ರಮವಾಗುವುದಿಲ್ಲ. ಪ್ರತಿಯೊಂದು ಹಾಳೆಯ ಕೆಳಗೂ ‘ಪರಿಶೀಲಿಸಿದ್ದೇನೆ, ಎಲ್ಲವೂ ಸರಿಯಾಗಿದೆ’ ಎಂದು ಬರೆದು ನಾನು ದುಂಡಗೆ ರುಜು ಹಾಕಿದ್ದೇನೆ.